ಮನೆಯ ಜೀರ್ಣೋದ್ಧಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರಷ್ಟೆ. ಕಟ್ಟಿದ ಮನೆಯನ್ನು ರಿಪೇರಿ ಮಾಡಿಸುವ ವಿಷಯದಲ್ಲಿ ಅವರೇಕೆ ಸುಮ್ಮನಾದರೋ ತಿಳಿಯದು. ಮದುವೆಗೆ ಒಂದು ಕೊನೆಯುಂಟು. ಹೊಸ ಮನೆಗೂ ಗೃಹಪ್ರವೇಶವೆಂಬ ಒಂದು ದಿನವುಂಟು. ರಿಪೇರಿಗೆ ಮುಹೂರ್ತವೂ ಇಲ್ಲ, ಮಂಗಳವೂ ಇಲ್ಲ. ಕಳೆದ ಎರಡು ವರ್ಷಗಳಲ್ಲಿ ಇದರ ಅನುಭವ ನನಗೆ ಸಾಕಷ್ಟು ಆಯಿತು. ಆ ಅನುಭವಕ್ಕಿಂತಲೂ, ಅದು ನನ್ನನ್ನು ಎಳೆದುಕೊಂಡು ಹೋದ ಹಳೆಯ ಗ್ರಂಥಗಳ ಸಂಗತಿ ಓದುಗರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ನಮ್ಮ ತಾತ 1937ರಲ್ಲಿ ಕಟ್ಟಿಸಿದ ಮನೆಯೊಂದಿದೆ. ಪ್ಲೇಗಿನ ಹಾವಳಿಯ ತರುವಾಯ ಊರನ್ನು ಗಾಳಿ ಬೆಳಕು ಆಡುವಂತೆ ಬೆಳೆಸಬೇಕೆಂದು 1903ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಿಡಿಸಿದ ಬಡಾವಣೆಗಳಲ್ಲೊಂದರಲ್ಲಿ ಅದು ಇದೆ. ಅದರ ಮಾಳಿಗೆ ‘ಮದ್ರಾಸ್ ತಾರಸಿ’ ಎಂದು ಹೆಸರಾದ ಬಗೆಯದು. ತೇಗದ ಜಂತೆಗಳನ್ನು ಸಾಲಾಗಿ ಇರಿಸಿ, ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಪದರವನ್ನು ಹಾಸಿ, ಬೆಲ್ಲವೂ ಅಳಲೆಕಾಯಿಯೂ ನೆನೆದ ನೀರನ್ನು ಚಿಮುಕಿಸುತ್ತ, ಆಳುಗಳು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಾರೆ. ಬಡಿದ ಕೊಡತಿ ಪುಟಿದು ಮೇಲಕ್ಕೆ ಬಂದರೆ ತಾರಸಿ ಕೂತಿತೆಂದು ಲೆಕ್ಕ. ಹಾಗೆ ಕೂತ ನಮ್ಮ ತಾರಸಿ ಎಂಬತ್ತು ವರ್ಷಗಳಿಗೂ ಮೀರಿ ಮಳೆಯನ್ನು ತಡೆಯಿತು. ಆಮೇಲೆ ನಡುಮನೆಯ ಒಂದು ಮೂಲೆಯಲ್ಲಿ ತೊಟ್ಟಿಕ್ಕಲು ಆರಂಭಿಸಿತು.

ಪರಿಚಿತರೊಬ್ಬರು ಒಬ್ಬ ಕಂಟ್ರಾಕ್ಟರನ್ನು ಕಳುಹಿಸಿಕೊಟ್ಟರು. ಆತ ಮಾಳಿಗೆ ಹತ್ತಿ ಇಳಿದು, ಅಂದಾಜನ್ನು ಬಾಯಲ್ಲೇ ಹೇಳಿ, ಹತ್ತು ದಿನದ ಕೆಲಸವೆಂದು, ಅರ್ಧದಷ್ಟು ಹಣವನ್ನು ಮುಂಗಡವಾಗಿ ಕೇಳಿದರು. ಒಂದು ಚೀಟಿ ಬರೆದುಕೊಡಿ ಎಂದು ಕೇಳುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಬಾಯಿಬಿಟ್ಟು ಕೇಳಲು ಸಂಕೋಚವಾಯಿತು. ಎದುರಿಗೆ ಕುಳಿತು ಕಾಫಿ ಕುಡಿಯುತ್ತಿರುವವರನ್ನು ನಂಬಲಿಲ್ಲವೆಂದು ತೋರಿಸಿಕೊಂಡಂತಾಗುವುದೆಂಬ ಭಾವನೆ. ಹಣ ಕೊಟ್ಟೆ. ನಾಲ್ಕು ದಿನ ಕೆಲಸ ನಡೆಯಿತು. ಹಳೆಯ ಸುಣ್ಣದ ಮೇಲೆ ಸಿಮೆಂಟಿನ ಪದರವೊಂದನ್ನು ಬಳಿದರು. ಐದನೆಯ ದಿನ ಯಾರೂ ಬರಲಿಲ್ಲ. ಆ ಮೇಲೆ ಟೆಲಿಫೋನು ಬಾರಿಸುತ್ತಿತ್ತು, ಎತ್ತುವವರಿರಲಿಲ್ಲ. ಮುಂಗಾರು ಬಂತು. ಸುಣ್ಣದ ತಾರಸಿ ಬಿಸಿಲಿಗೂ ತಂಪಿಗೂ ಮರದ ಜಂತೆಯೊಡನೆ ತಾನೂ ಒಂದಿಷ್ಟು ಹಿಗ್ಗಿ ಕುಗ್ಗುವಂಥದು. ಬಿರುಸಾದ ಸಿಮೆಂಟು ಹಾಗೆ ಒಗ್ಗಿಕೊಳ್ಳದೆ ಸೀಳುಬಿಟ್ಟಿತು. ಸೀಳಿನಲ್ಲಿ ಇಳಿದ ನೀರು ಮೇಲಕ್ಕೆ ಆರಲಾರದೆ ಜಂತೆಯ ಕಡೆಗೆ ಹರಿಯಿತು. ಮೊದಲು ನಡುಮನೆಯಲ್ಲಿದ್ದ ಸೋರಿಕೆ ಈಗ ನಮ್ಮ ತಾಯಿಯವರು ಮಲಗುವ ಕೋಣೆಗೂ ಬಂದಿತು.

ಇಷ್ಟೇ ಆಗಿದ್ದರೆ ನೂರಾರು ಮನೆಗಳ ಕತೆಯೆಂದು ಸುಮ್ಮನಿರುತ್ತಿದ್ದೆ. ಒಂದು ಭಾನುವಾರ ಬೆಳಗ್ಗೆ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಗೇಟಿನ ಬಳಿ ನಿಂತಿದ್ದಳು. ಆ ನಾಲ್ಕು ದಿನವೂ ಗಾರೆಯ ಬಾಂಡ್ಲಿ ಹೊತ್ತು ಏಣಿ ಹತ್ತಿದವಳು. ಹುಮನಾಬಾದದ ಕಡೆಯಿಂದ ಕೂಲಿಗೆ ಬಂದವಳು. ನಮ್ಮ ತಾಯಿಯವರನ್ನು ನೋಡಿ, “ಅಮ್ಮಾರೇ, ನಾಕು ದಿನದ ಪಗಾರ ಮುಟ್ಟಿಲ್ರಿ. ದುಡಿದದ್ದು ನಿಮ್ಮ ಮನ್ಯಾಗರಿ. ಅವರ ಮನಿ ಎಲ್ಲೈತೋ ನಮಗ ಗೊತ್ತಿಲ್ರಿ” ಎಂದಳು. ನಾನು ಒಳಗಿನಿಂದಲೇ, ನಿಮ್ಮ ಕೂಲಿಯನ್ನೂ ಸೇರಿಸಿ ಆತನಿಗೆ ಕೊಟ್ಟಾಗಿದೆ ಎಂದೆ. ನ್ಯಾಯವಾದ ಮಾತೆಂದೇ ನನಗೆ ತೋರಿತ್ತು. ತಾಯಿಯವರು ಏನೂ ಹೇಳದೆ ಒಳಗೆ ಹೋಗಿ ನಾಲ್ಕು ದಿನದ ಕೂಲಿಯನ್ನು ತಂದು ಆಕೆಯ ಕೈಯಲ್ಲಿಟ್ಟರು. ಆಕೆ ಹೋದ ಮೇಲೆ, “ಅವನು ನಿನಗೆ ಮೋಸ ಮಾಡಿದ, ಸರಿ. ಅವಳು ಯಾರಿಗೆ ಮಾಡಿದಳು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಅಧ್ಯಾಪಕರು ಮಾಡುವ ಕೆಲಸವನ್ನೇ ನಾನೂ ಮಾಡಿದೆ; ಪುಸ್ತಕಗಳ ಕಪಾಟಿಗೆ ಹೋದೆ.

ಮೊದಲು ಕೈಗೆ ಬಂದುದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನವರಿಗೆ ಈ ಗ್ರಂಥದ ಮೇಲೆ ಒಂದು ಸಲಿಗೆಯುಂಟು. ಅಳಿದೇ ಹೋಯಿತೆಂದು ತಿಳಿದಿದ್ದ ಇದರ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ನಮ್ಮ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. ಆ ಕಟ್ಟಡವಾದರೋ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಗ್ರಂಥದ ನಾಲ್ಕನೆಯ ಅಧಿಕರಣದ ಆದಿಯಲ್ಲೇ ಕುಶಲಕರ್ಮಿಗಳಿಂದ ಜನರನ್ನು ಕಾಪಾಡುವುದು ಹೇಗೆಂಬ ಪ್ರಕರಣವಿದೆ. ಕೆಲಸವನ್ನು ಒಪ್ಪಿಕೊಳ್ಳುವಾಗ ಎಲ್ಲಿ, ಯಾವಾಗ, ಏನು ಎಂಬ ಮೂರನ್ನೂ ಗೊತ್ತುಮಾಡಿಕೊಂಡಿರಬೇಕು. ಕಾಲ ಮೀರಿಸಿದವನಿಗೆ ಕೂಲಿಯಲ್ಲಿ ಕಾಲುಭಾಗ ಖೋತಾ. ಅದರ ಎರಡರಷ್ಟು ದಂಡ. ಹೇಳಿದ ಕೆಲಸವನ್ನು ಬಿಟ್ಟು ಬೇರೊಂದು ರೀತಿ ಮಾಡಿದವನಿಗೆ ಕೂಲಿಯೇ ಇಲ್ಲ. ಮೇಲೆ ಎರಡರಷ್ಟು ದಂಡ. ಅನಿವಾರ್ಯವಾದ ಆಪತ್ತು ಒದಗಿದ್ದರೆ ಮಾತ್ರ ವಿನಾಯಿತಿ. ಎಲ್ಲಿ, ಯಾವಾಗ ಎಂದು ಗೊತ್ತುಮಾಡಿರಲಿಲ್ಲವಲ್ಲ ಎಂಬ ನೆವದಿಂದ ಕೆಲಸವನ್ನು ಎಳೆಯುವವರನ್ನೂ ಕೌಟಿಲ್ಯ ಮರೆತಿಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಮನೆಗೆ ಬಂದು ಹೋದವರ ಪರಿಚಯ ಆತನಿಗೆ ಇದ್ದಂತೆ ತೋರುತ್ತದೆ.

ಆದರೆ ದಂಡ ಒಂದು ಕಡೆಗೆ ಮಾತ್ರ ಬೀಳುವುದಲ್ಲ. ಮೂರನೆಯ ಅಧಿಕರಣದಲ್ಲಿ ದುಡಿದವನಿಗೆ ಕೂಲಿ ಕೊಡದ ಒಡೆಯನಿಗೂ ದಂಡ ಹೇಳಿದೆ. ಕೂಲಿಯನ್ನು ಮೊದಲೇ ಗೊತ್ತುಮಾಡದಿದ್ದ ಪಕ್ಷದಲ್ಲಿ ಆ ಕಸುಬು ಬಲ್ಲವರೇ ಅದನ್ನು ನಿರ್ಣಯಿಸಬೇಕು.

ಎರಡನೆಯ ಗ್ರಂಥ ನಮ್ಮ ನಾಡಿನಲ್ಲೇ ಹುಟ್ಟಿದುದು. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಆತನ ರಾಜಧಾನಿ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರಾ. ಆಸ್ತಿ ಪಾಲಿನ ವ್ಯಾಜ್ಯಗಳಿಂದಾಗಿ ವಕೀಲರ ಬಾಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನದಲ್ಲಿ ಕೂಲಿಯ ಪ್ರಕರಣವೂ ಒಂದಿದೆಯೆಂಬುದನ್ನು ಗಮನಿಸಿದವರು ಕಡಿಮೆ. ಕೂಲಿಯನ್ನು ಮುಂಚಿತವಾಗಿ ತೆಗೆದುಕೊಂಡು ಕೆಲಸವನ್ನು ಬಿಟ್ಟುಹೋದವನು ಅದರ ಎರಡರಷ್ಟನ್ನು ಕೊಡಬೇಕು. ತೆಗೆದುಕೊಳ್ಳದೆ ಬಿಟ್ಟುಹೋದವನು ಒಪ್ಪಿದ ಕೂಲಿಯಷ್ಟನ್ನು ತೆರಬೇಕು. ಮುಂಗಡದ ಹಣಕ್ಕೆ ಹೊಣೆ ಇಮ್ಮಡಿ ಎಂದಾಯಿತು. ಹಾಗೆಯೇ ಹೇಳಿದ್ದಕ್ಕಿಂತ ಹೆಚ್ಚು ದುಡಿದವನಿಗೆ ಹೆಚ್ಚು ಕೊಡಬೇಕೆಂಬ ಮಾತೂ ಅಲ್ಲೇ ಇದೆ. ಇದನ್ನು ಓದುತ್ತಿದ್ದಾಗ ಒಂದು ಸಂಗತಿ ಮನಸ್ಸಿಗೆ ಬಂದಿತು. ಆ ಕಲ್ಯಾಣವೇ ಈಗಿನ ಬಸವಕಲ್ಯಾಣ. ನಮ್ಮ ಗೇಟಿನ ಬಳಿ ನಿಂತಿದ್ದ ಹೆಂಗಸಿನ ಹುಮನಾಬಾದಕ್ಕೆ ನೆರೆಯ ಊರು. ಕೂಲಿಯ ನ್ಯಾಯವನ್ನು ಕುಳಿತು ವಿಚಾರಿಸಿದ ನೆಲದಿಂದ ಆಕೆ ಕೂಲಿ ಹುಡುಕಿಕೊಂಡು ಮೈಸೂರಿನವರೆಗೆ ಬಂದಿದ್ದಳು.

ಇನ್ನು ಕಟ್ಟಡದ ಕೆಲಸಕ್ಕೇ ಸೇರಿದ ಮಾತೊಂದು ಬೃಹಸ್ಪತಿಯ ಸ್ಮೃತಿಯಲ್ಲಿದೆ. ಮನೆಯನ್ನೋ ದೇವಾಲಯವನ್ನೋ ಹಲವರು ಕೂಡಿ ಕಟ್ಟುವಲ್ಲಿ ಅವರ ಮುಖಂಡನಿಗೆ ಸಂಭಾವನೆಯಲ್ಲಿ ಎರಡು ಪಾಲು. ಮುಖಂಡನಿಗೆ ಹೆಚ್ಚು ಸಲ್ಲಬೇಕೆಂಬುದನ್ನು ಅವರೂ ಒಪ್ಪಿದ್ದರು. ಆದರೆ ಅವನೂ ಕೆಲಸಗಾರರಲ್ಲಿ ಒಬ್ಬ. ಅವರ ಜೊತೆಗೇ ಪಾಲು ತೆಗೆದುಕೊಳ್ಳುವವನು. ಉಳಿದವರ ಪಾಲನ್ನು ಜೇಬಿನಲ್ಲಿಟ್ಟುಕೊಂಡು ಕಾಣೆಯಾಗುವ ಅವಕಾಶ ಆ ಏರ್ಪಾಡಿನಲ್ಲಿ ಕಡಿಮೆ.

ಅಂಥ ಮುಖಂಡರ ಹೆಸರುಗಳು ನಮ್ಮ ನಾಡಿನ ಕಲ್ಲುಗಳ ಮೇಲೆ ಉಳಿದಿವೆ. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ಆತನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನೋಡಬಹುದು. ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದಿತ್ತ ಸಂಗತಿಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನ ಹೆಸರೂ ಅಲ್ಲಿದೆ. 1117ರ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರು ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ ಮತ್ತೆ ಮತ್ತೆ ಕಾಣುತ್ತಾನೆ. ಹೆಸರು ಹಾಕುವುದೆಂದರೆ ಕೀರ್ತಿ ಎಂದು ತರಗತಿಯಲ್ಲಿ ನಾನು ಹೇಳುತ್ತ ಬಂದಿದ್ದೇನೆ. ಮಾಳಿಗೆ ಸೋರಿದ ಮೇಲೆ ಅದು ಹೊಣೆಯೂ ಹೌದೆಂದು ತಿಳಿಯಿತು. ಈ ಕಂಬ ಒಡೆದರೆ ಒಡೆದದ್ದು ಇಂಥವನ ಕೆಲಸವೆಂದು ಊರಿಗೆಲ್ಲ ಗೊತ್ತಾಗುವಂತೆ ಅವರು ಒಪ್ಪಿಕೊಂಡಿದ್ದರು.

ಹಾಗೆಂದು ಎಲ್ಲರಿಗೂ ಹೆಸರಿನ ಭಾಗ್ಯವಿತ್ತೆಂದು ಭ್ರಮಿಸಬಾರದು. ಕಲ್ಲು ಹೊತ್ತವರ, ಸುಣ್ಣ ಅರೆದವರ, ನೀರು ತಂದ ಹೆಂಗಸರ ಹೆಸರು ಪಟ್ಟದಕಲ್ಲಿನಲ್ಲೂ ಇಲ್ಲ, ಬೇಲೂರಿನಲ್ಲೂ ಇಲ್ಲ.

ಅದೇ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು. ಒಂದು ದೇವಾಲಯಕ್ಕೋ ಬಸದಿಗೋ ಭೂಮಿ ಬಿಡುವಾಗ, ದೇವರ ಪೂಜೆಗೆ, ತಪೋಧನರ ಆಹಾರಕ್ಕೆ, ವಿದ್ಯಾದಾನಕ್ಕೆ ಎಂದು ಎಣಿಸುತ್ತ, ಅದೇ ಉಸಿರಿನಲ್ಲಿ ಮುರಿದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವುದಕ್ಕೆ ಎಂದೂ ಬರೆಯಿಸುತ್ತಿದ್ದರು. ಸೋರುವ ದಿನ ಬರುತ್ತದೆಂದು ಅವರು ಒಪ್ಪಿಕೊಂಡಿದ್ದರು. ಅದಕ್ಕಾಗಿ ಗದ್ದೆಯ ಹುಟ್ಟುವಳಿಯನ್ನು ತೆಗೆದಿರಿಸಿದರು. ಎಂ.ಎ. ತರಗತಿಯಲ್ಲಿ ವರ್ಷವರ್ಷವೂ ಈ ಸಮಾಸವನ್ನು ಬಿಡಿಸಿ ಅರ್ಥ ಹೇಳುವ ನಾನು, ನಮ್ಮ ಮನೆಯ ಖಂಡಸ್ಫುಟಿತಕ್ಕೆ ಒಂದು ರೂಪಾಯಿಯನ್ನೂ ತೆಗೆದಿರಿಸಿರಲಿಲ್ಲ. ಶಾಸನ ಓದಿಸುವವನ ಬಳಿ ಕಂಟ್ರಾಕ್ಟರು ಬರೆದುಕೊಟ್ಟ ಒಂದು ಚೀಟಿಯೂ ಇರಲಿಲ್ಲ.

ಈಗಿನ ಏರ್ಪಾಡು ನಮ್ಮಲ್ಲಿ ಎಂದಿನಿಂದ ಬಂದಿತು? ಮಾತುಗಳ ಚರಿತ್ರೆಯೇ ಸ್ವಲ್ಪ ದಾರಿ ತೋರಿಸುತ್ತದೆ. ಗುತ್ತಿಗೆ ಅಥವಾ ಗುತ್ತಗೆ ಎಂಬುದು ವಿಜಯನಗರ ಕಾಲದ ಶಾಸನಗಳಲ್ಲಿ ಭೂಮಿಗೆ ಸಂಬಂಧಪಟ್ಟ ಮಾತು. ಗೊತ್ತುಮಾಡಿದ ಮೊತ್ತಕ್ಕೆ ನೆಲವನ್ನು ವಹಿಸಿಕೊಳ್ಳುವುದು ಅದರ ಅರ್ಥ. ಮೇಸ್ತ್ರಿ ಎಂಬುದು ಪೋರ್ಚುಗೀಸರ ಕಡೆಯಿಂದ ಬಂದು ನಮ್ಮದೇ ಆಗಿಬಿಟ್ಟ ಮಾತು. ಕಂಟ್ರಾಕ್ಟರು ಎಂಬುದು ಇಂಗ್ಲಿಷರ ಕಾಲದ್ದು. ಮೈಸೂರಿನಲ್ಲಿ ಕಮಿಷನರ ಆಡಳಿತವಿದ್ದ 1856ರಲ್ಲಿ ಮರಾಮತ್ತು ಇಲಾಖೆ ಏರ್ಪಟ್ಟಿತು. ಅಂದಾಜುಪಟ್ಟಿ, ಟೆಂಡರು, ಅಳತೆ ಪುಸ್ತಕ, ಅಳೆದ ಕೆಲಸಕ್ಕೆ ತಕ್ಕಂತೆ ಕಂತುಕಂತಾಗಿ ಹಣ, ಕೆಲಸ ಮುಗಿಯುವವರೆಗೆ ಹಿಡಿದಿಟ್ಟ ಠೇವಣಿ, ಇವೆಲ್ಲ ಆ ಬಗೆಯ ಇಲಾಖೆಗಳೊಡನೆ ಬಂದುವು. 1872ರಲ್ಲಿ ಇಂಡಿಯಾ ದೇಶಕ್ಕೆಲ್ಲ ಅನ್ವಯಿಸುವ ಕರಾರು ಕಾನೂನು ಆಯಿತು.

ಆ ಕಾಲದ ಕಂಟ್ರಾಕ್ಟರುಗಳೆಲ್ಲ ನಮ್ಮ ಮನೆಗೆ ಬಂದವರಂಥವರೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಅಠಾರಾ ಕಚೇರಿಯ ಕಟ್ಟಡ 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿಯಿತು. ನಕ್ಷೆ ಸ್ಯಾಂಕಿ ಸಾಹೇಬರದು. ಕಟ್ಟಿಕೊಟ್ಟವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಅವರು ದುಡಿದ ಹಣದಲ್ಲಿ 1873ರಲ್ಲಿ ಆರಂಭವಾದ ಶಾಲೆ ಇಂದಿಗೂ ಅವರ ಹೆಸರಿನಿಂದ ನಡೆಯುತ್ತಿದೆ. ಆ ಕೆಂಪು ಕಟ್ಟಡದಲ್ಲಿ ಈಗ ಉಚ್ಚ ನ್ಯಾಯಾಲಯವಿದೆ. ಕರಾರಿನ ವ್ಯಾಜ್ಯಗಳು ಒಬ್ಬ ಕಂಟ್ರಾಕ್ಟರರು ಕಟ್ಟಿದ ಮಾಳಿಗೆಯ ಕೆಳಗೇ ವಿಚಾರಣೆಯಾಗುತ್ತಿವೆ.

ಇಲಾಖೆಯ ಕ್ರಮದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹಣ ಕೊಡುವ ಸರ್ಕಾರ ಅಳತೆಯಿಲ್ಲದೆ ಒಂದು ಕಾಸನ್ನೂ ಬಿಚ್ಚಲಿಲ್ಲ. ಆ ಶಿಸ್ತು ಮನೆಗಳಿಗೆ ಇಳಿದು ಬರಲಿಲ್ಲ. ನಾವು ಗೃಹಸ್ಥರು ಕಂಟ್ರಾಕ್ಟರನ್ನು ಮಾತ್ರ ಕರೆದುಕೊಂಡೆವು, ಅಳತೆ ಪುಸ್ತಕವನ್ನು ಅಲ್ಲೇ ಬಿಟ್ಟೆವು. ಇನ್ನೊಂದು, ಆ ಪುಸ್ತಕದಲ್ಲಿ ಘನ ಅಡಿಗಳ ಲೆಕ್ಕವಿತ್ತೇ ಹೊರತು ಕರಣೆ ಹಿಡಿದವನ ಹೆಸರಿಗೆ ಸ್ಥಳವಿರಲಿಲ್ಲ. ಆಚಾರಿಗೂ ಒಡೆಯನಿಗೂ ನಡುವೆ ಮೂರನೆಯವನೊಬ್ಬ ಬಂದು ನಿಂತ. ಹಣ ಅವನ ಕೈಯಿಂದ ಇಳಿಯಬೇಕು. ಅವನು ಒಳ್ಳೆಯವನಾದರೆ ಇಳಿಯುತ್ತದೆ.

ಕಾನೂನು ಈ ಕೊರತೆಯನ್ನು ಕಾಣದೆ ಹೋಗಲಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಯಜಮಾನನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾನೂನು ವಿಧಿಸಿತು. ಆದರೆ ಅದನ್ನು ರಚಿಸಿದುದು ಇಪ್ಪತ್ತು ಮಂದಿಗೆ ಕಡಿಮೆಯಿಲ್ಲದೆ ದುಡಿಯುವ ಸಂಸ್ಥೆಗಳಿಗೆ. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಾದ ಕಾನೂನು ಹತ್ತು ಲಕ್ಷ ರೂಪಾಯಿಗೆ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ಹೊರಗಿಟ್ಟಿತು. ಗೃಹಸ್ಥನ ಪರವಾಗಿ, ಮನೆ ಕಟ್ಟಿಕೊಡುವ ಕೆಲಸ 1993ರ ತಿದ್ದುಪಡಿಯಿಂದ ಗ್ರಾಹಕ ರಕ್ಷಣಾ ಕಾನೂನಿನ ‘ಸೇವೆ’ಯೊಳಗೆ ಸೇರಿತು, 2019ರ ಹೊಸ ಕಾನೂನಿನಲ್ಲಿಯೂ ಉಳಿಯಿತು. ನನಗೆ ಹೋಗಲು ಒಂದು ಬಾಗಿಲಿದೆ. ಗೇಟಿನ ಬಳಿ ನಿಂತವಳಿಗೆ ನಮ್ಮ ಗೇಟಲ್ಲದೆ ಬೇರೆ ಇರಲಿಲ್ಲ. 1970ರ ಕಾನೂನು ದೊಡ್ಡ ಯಜಮಾನರಿಗೆ ಹೇಳಿದುದನ್ನು ನಮ್ಮ ತಾಯಿಯವರು ಯಾವ ಕಾನೂನನ್ನೂ ಓದದೆ ಮಾಡಿದ್ದರು. ವಸೂಲು ಮಾಡುವ ಕೆಲಸವನ್ನು ಮಾತ್ರ ನನಗೆ ಬಿಟ್ಟಿದ್ದರು. ಅದು ಇನ್ನೂ ಆಗಿಲ್ಲ.

ಈ ಓದೆಲ್ಲ ಮುಗಿದ ಮೇಲೆ ಒಂದು ದಿನ ತಾಯಿಯವರು ಪೆಟ್ಟಿಗೆಯಿಂದ ತಾತನ ಲೆಕ್ಕದ ಪುಸ್ತಕವನ್ನು ತೆಗೆದುಕೊಟ್ಟರು. ಕೆಂಪು ಬಟ್ಟೆಯ ರಟ್ಟು. ಒಳಗೆ ಮನೆ ಕಟ್ಟಿಸಿದ ವರ್ಷದ ಶನಿವಾರಗಳ ಬಟವಾಡೆ. ತಾತ ಕಂಟ್ರಾಕ್ಟು ಕೊಟ್ಟಿರಲಿಲ್ಲ. ಮೇಸ್ತ್ರಿಯೊಬ್ಬರನ್ನು ಇಟ್ಟುಕೊಂಡು, ಸಾಮಾನನ್ನು ತಾವೇ ತರಿಸಿ, ವಾರವಾರವೂ ಜಗುಲಿಯ ಮೇಲೆ ಕುಳಿತು ತಮ್ಮ ಕೈಯಾರೆ ಕೂಲಿ ಕೊಟ್ಟಿದ್ದರು. ಪ್ರತಿ ಹೆಸರಿನ ಮುಂದೆ ಆಣೆಗಳ ಲೆಕ್ಕ, ಆಮೇಲೆ ಹೆಬ್ಬೆಟ್ಟಿನ ಗುರುತು. ತಾರಸಿ ಬಡಿದ ಹನ್ನೆರಡು ಹೆಂಗಸರ ಹೆಸರುಗಳು ಅಲ್ಲಿದ್ದುವು. ಬೇಲೂರಿನಲ್ಲಿ ದೊರೆಯದಿದ್ದುದು ನಮ್ಮ ಪೆಟ್ಟಿಗೆಯಲ್ಲಿ ದೊರೆಯಿತು. ಹಾಗೆಂದು ಆ ದಿನಗಳನ್ನು ಹೊಗಳಲು ನನಗೆ ಮನಸ್ಸಿಲ್ಲ. ಹೆಂಗಸರ ಕೂಲಿ ಗಂಡಸರ ಕೂಲಿಗಿಂತ ಎಷ್ಟು ಕಡಿಮೆಯೆಂಬುದನ್ನೂ ಅದೇ ಪುಟ ಹೇಳುತ್ತಿತ್ತು.

ಮಳೆಗಾಲ ಕಳೆದ ಮೇಲೆ ಸುಣ್ಣದ ಕೆಲಸ ಬಲ್ಲ ಮುದುಕ ಮೇಸ್ತ್ರಿಯೊಬ್ಬರು ಸಿಕ್ಕಿದರು. ಮಾಳಿಗೆ ಹತ್ತಿ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಸದ್ದು ಕೇಳಿ, “ಮೇಷ್ಟ್ರೇ, ಮೇಲೆ ಬಳಿದಿರೋದನ್ನೆಲ್ಲ ಮೊದಲು ಕೀಳಬೇಕು. ಎರಡು ಜಂತೆ ತುದೀಲಿ ಕೊಳೆತಿದೆ” ಎಂದರು. ಈ ಸಲ ಸಂಕೋಚಪಡದೆ ಕಾಗದ ಕೇಳಿದೆ. ಅವರಿಗೆ ಬೇಸರವಾಗಲಿಲ್ಲ, ಬದಲು, “ಬರೀರಿ, ನನಗೂ ಒಂದು ಕಾಪಿ ಕೊಡಿ. ಎಷ್ಟೋ ಮನೇಲಿ ಕೆಲಸ ಮುಗಿದ ಮೇಲೆ ನಾವು ಹೇಳಿದ ರೇಟೇ ಮರೆತುಹೋಗುತ್ತೆ” ಎಂದು ನಕ್ಕರು. ನಂಬಿಕೆಗೆ ಕೊರತೆಯಾದೀತೆಂದು ನಾನು ಅಂಜಿದ್ದ ಕಾಗದ ಅವರಿಗೂ ಅಷ್ಟೇ ಬೇಕಾಗಿತ್ತು. ಏನು ಕೆಲಸ, ಯಾವ ಸಾಮಾನು, ಎಷ್ಟು ದಿನ, ಮಳೆ ಬಂದರೆ ಎಷ್ಟು ವಿನಾಯಿತಿ, ಯಾವ ಹಂತಕ್ಕೆ ಎಷ್ಟು ಹಣ ಎಂದು ಒಂದು ಪುಟ ಬರೆದೆವು. ಹತ್ತರಲ್ಲೊಂದು ಪಾಲನ್ನು ಮುಂದಿನ ಮಳೆ ನೋಡಿ ಕೊಡುವುದೆಂದು ಅವರೇ ಸೂಚಿಸಿದರು. ಕೂಲಿಯವರ ಬಟವಾಡೆ ಶನಿವಾರ ನಮ್ಮ ಜಗುಲಿಯ ಮೇಲೆ, ಮೇಸ್ತ್ರಿಯ ಎದುರಿನಲ್ಲಿ, ಎಂಬುದು ತಾಯಿಯವರು ಸೇರಿಸಿದ ಷರತ್ತು.

ಕೆಲಸ ಹದಿನೆಂಟು ದಿನ ಹಿಡಿಯಿತು, ಒಪ್ಪಿದುದು ಹದಿನೈದು. ಮೂರು ದಿನ ಅಕಾಲದ ಮಳೆ ಬಂದಿತ್ತಾದ್ದರಿಂದ ಕೌಟಿಲ್ಯನೂ ದಂಡ ಹಾಕುತ್ತಿರಲಿಲ್ಲ. ಕೊಡತಿಯ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಹೆಂಗಸರು ಬಡಿಯುತ್ತ ಬಡಿಯುತ್ತ ಒಂದು ಲಯಕ್ಕೆ ಬಂದಾಗ ಕೆಳಗೆ ತಾಯಿಯವರು ಕೈಲಿದ್ದ ಕೆಲಸ ಬಿಟ್ಟು ಕೇಳುತ್ತ ಕೂತಿರುತ್ತಿದ್ದರು. ಈ ವರ್ಷದ ಮುಂಗಾರು ಬಂದು ಹೋಯಿತು. ಅವರ ಕೋಣೆಯಲ್ಲಿ ಬಕೆಟ್ಟು ಇಡಬೇಕಾಗಲಿಲ್ಲ. ಉಳಿದ ಹತ್ತನೆಯ ಪಾಲನ್ನು ಮೇಸ್ತ್ರಿಯ ಮನೆಗೆ ಹೋಗಿ ಕೊಟ್ಟು ಬಂದೆ.

ತಾತನ ಲೆಕ್ಕದ ಪುಸ್ತಕದಲ್ಲಿ ಖಾಲಿ ಹಾಳೆಗಳು ಉಳಿದಿದ್ದುವು. ಹದಿನೆಂಟು ದಿನದ ಲೆಕ್ಕವನ್ನು, ಬಡಿದ ಹೆಂಗಸರ ಹೆಸರುಗಳೊಡನೆ, ತಾಯಿಯವರು ಅಲ್ಲೇ ಬರೆಯಿಸಿದರು. ಮೊದಲ ಸಾಲಿನಲ್ಲಿ ಹುಮನಾಬಾದದ ಹೆಂಗಸಿನ ನಾಲ್ಕು ದಿನದ ಕೂಲಿಯನ್ನೂ ಹಾಕು ಎಂದರು. ಹೆಸರಿನ ಜಾಗದಲ್ಲಿ ಬರೆಯಲು ಹೋದರೆ, ನಮ್ಮಿಬ್ಬರಲ್ಲಿ ಯಾರೂ ಆಕೆಯ ಹೆಸರು ಕೇಳಿಟ್ಟುಕೊಂಡಿರಲಿಲ್ಲ. ಆ ಜಾಗ ಹಾಗೆಯೇ ಇದೆ. ಅದರ ಮುಂದಿನ ಪುಟದ ತಲೆಯ ಮೇಲೆ ನಾನು ‘ಖಂಡಸ್ಫುಟಿತ’ ಎಂದು ಬರೆದಿದ್ದೇನೆ. ತಿಂಗಳ ಸಂಬಳ ಬಂದ ದಿನ ಅದರ ಕೆಳಗೆ ಒಂದು ಸಣ್ಣ ಮೊತ್ತವನ್ನು ಜಮಾ ಮಾಡುತ್ತಿದ್ದೇನೆ.